ಬಾಡಿಗೆ ಕೈಗಳು, ಪುಕ್ಕಟೆ ಕೈಗಳು

ಇನ್ನು ಸುಳ್ಳು ಸುದ್ದಿಯೆಂದರೆ ಎಐ ಬಳಸಿ ತಯಾರಿಸಿದ ನಕಲಿ ವಿಡಿಯೋ, ಅಂದರೆ ಡೀಪ್‌ಫೇಕೇ ಅಂತ ಎಲ್ಲರೂ ಹೆದರಿಸುತ್ತಾರೆ. ನನ್ನ ಅನುಭವ ಬೇರೆ. ಮಂಗಳೂರಿನ ಒಂದು ಸುದ್ದಿ ಕಚೇರಿಯ ಡೆಸ್ಕಿನಲ್ಲಿ ನನ್ನ ಕೆಲಸ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ಹೊತ್ತಿಗೆ, ನಮ್ಮ ವಾಟ್ಸಾಪ್ ನಂಬರಿಗೆ 'ಇದು ನಿಜವಾ?' ಅಂತ ಬಂದ ವಿಡಿಯೋಗಳಲ್ಲಿ ಹೆಚ್ಚಿನವು ಬರೀ ಹಳೇ ಸರಕು. ಯುದ್ಧವಿಮಾನ ಹೊಡೆದುರುಳಿಸಿದ ದೃಶ್ಯ ಅಂತ ಬಂದದ್ದು ಆರ್ಮಾ 3 ಎಂಬ ವಿಡಿಯೋ ಗೇಮಿನದು. ಆ ಗೇಮ್ 2013ರಲ್ಲಿ ಬಂದದ್ದು!

ಡೀಪ್‌ಫೇಕ್ ಇರಲೇ ಇಲ್ಲ ಅಂತಲ್ಲ. ಪಾಕಿಸ್ತಾನದ ಸೇನಾ ವಕ್ತಾರರೇ ಎರಡು ವಿಮಾನ ಕಳೆದುಕೊಂಡೆವು ಅಂತ ಒಪ್ಪಿಕೊಂಡ ಹಾಗೆ ತಯಾರಿಸಿದ ವಿಡಿಯೋ ನಮ್ಮ ಕಡೆ ಜೋರಾಗಿಯೇ ಓಡಿತು. ಆದರೆ ಅಂಥದ್ದು ಒಂದು ಬಂದರೆ, ಯಾವುದೋ ದೇಶದ ಹಳೇ ಬೆಂಕಿ, ಹಳೇ ಸ್ಫೋಟ ಹತ್ತು ಬರುತ್ತಿದ್ದವು.

ಒಂದನ್ನು ಹೇಗೆ ನೋಡಿದೆ ಅಂತ ಹೇಳುತ್ತೇನೆ. ಪಾಕಿಸ್ತಾನದ ಕ್ಷಿಪಣಿ ಬಿತ್ತು ಎಂಬ ವಿಡಿಯೋ. ಆಡಿಯೋ ಬಂದ್ ಮಾಡಿದೆ, ಯಾಕೆಂದರೆ ಕಿರುಚಾಟ ಕೇಳಿದರೆ ಕಣ್ಣು ಸರಿಯಾಗಿ ಕೆಲಸ ಮಾಡುವುದಿಲ್ಲ. ನಿಧಾನವಾಗಿ ಓಡಿಸಿ ಸ್ಫೋಟಕ್ಕೆ ಸ್ವಲ್ಪ ಮೊದಲು ನಿಲ್ಲಿಸಿದೆ. ಹೊಗೆಯ ಪಕ್ಕದಲ್ಲಿ ಸಾಲಾಗಿ ನಿಂತ ಎತ್ತರದ ಬಿಳಿ ಸೈಲೋಗಳು (ಧಾನ್ಯ ತುಂಬಿಡುವ ಗೋಪುರಗಳು), ಹಿಂದೆ ಸಮುದ್ರ. ಆ ಚಿತ್ರವನ್ನು, ಚಿತ್ರದಿಂದಲೇ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಕೊಟ್ಟರೆ ಬೈರೂತ್ ಬಂದರು, ಆಗಸ್ಟ್ 2020. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್ ಕೂಡ ಅದನ್ನೇ ಹೇಳಿತು. ಕೆಲಸ ಸುಲಭ. ಆದರೆ ನಾನು ಇದನ್ನು ಬರೆದು ಹಾಕುವಷ್ಟರಲ್ಲಿ ಅದೇ ವಿಡಿಯೋ ಬೇರೆ ಊರಿನ ಹೆಸರು ಹೊತ್ತು ಮತ್ತೆ ಬಂದಿತ್ತು, ಈ ಸಲ ಎಡಬಲ ತಿರುಗಿಸಿಕೊಂಡು. ಲೆನ್ಸ್ ಎಷ್ಟು ಚೆನ್ನಾಗಿದ್ದರೇನು, ಒಬ್ಬಳ ಕೈಯಲ್ಲಿ ಎಷ್ಟಾಗುತ್ತದೆ?

ಸರ್ಕಾರಗಳು ಈ ಲೆಕ್ಕವನ್ನು ಬಹಳ ಹಿಂದೆಯೇ ಹಾಕಿವೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪ್ರಿಗೋಜಿನ್ ಎಂಬ ಉದ್ಯಮಿ ನಡೆಸಿದ ಇಂಟರ್ನೆಟ್ ರಿಸರ್ಚ್ ಏಜೆನ್ಸಿಯಲ್ಲಿ ನೂರಾರು ಜನ 12 ಗಂಟೆಯ ಪಾಳಿಯಲ್ಲಿ ಕೂತು ಕಮೆಂಟ್ ಬರೆಯುತ್ತಿದ್ದರು. ಯಂತ್ರ ಅಂದರೆ ಒಂದು ಸಾಧಾರಣ ಕಂಪ್ಯೂಟರ್, ಅಷ್ಟೆ. ಚೀನಾದ ಝಾಂಗ್‌ಗಾಂಗ್ ಜಿಲ್ಲೆಯ ಪ್ರಚಾರ ಕಚೇರಿಯ ಇಮೇಲ್‌ಗಳು ಸೋರಿಹೋದಾಗ 43 ಸಾವಿರಕ್ಕೂ ಹೆಚ್ಚು ಪೋಸ್ಟ್‌ಗಳ ಲೆಕ್ಕ ಸಿಕ್ಕಿತು. ಅದರ ಮೇಲೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಗ್ಯಾರಿ ಕಿಂಗ್ ಮತ್ತು ಜೊತೆಯವರು 2017ರಲ್ಲಿ ಕೊಟ್ಟ ಅಂದಾಜು, ಇಡೀ ದೇಶದಲ್ಲಿ ವರ್ಷಕ್ಕೆ ಸುಮಾರು 44.8 ಕೋಟಿ ಪೋಸ್ಟ್. ಬರೆದವರು ಬಹುತೇಕ ಸರ್ಕಾರಿ ನೌಕರರೇ. ವಾದ ಮಾಡುವ ಗೋಜಿಗೇ ಅವರು ಹೋಗುವುದಿಲ್ಲ. ಜನ ಸಿಟ್ಟಾಗುವ ಹೊತ್ತಿಗೆ ಹಬ್ಬದ ಶುಭಾಶಯ, ದೇಶದ ಹೊಗಳಿಕೆ ಸುರಿದು ಮಾತನ್ನು ಬೇರೆ ಕಡೆ ತಿರುಗಿಸುತ್ತಾರೆ. ನಮ್ಮ ಪಕ್ಕದ ಮನೆಯ ವಿಷಯವೂ ಉಂಟು: 2019ರ ಏಪ್ರಿಲಿನಲ್ಲಿ ಫೇಸ್‌ಬುಕ್ ತೆಗೆದುಹಾಕಿದ 103 ಪೇಜು, ಗುಂಪು, ಖಾತೆಗಳ ಒಂದು ಜಾಲ ಪಾಕಿಸ್ತಾನದ ಸೇನೆಯ ಪ್ರಚಾರ ವಿಭಾಗದ ನೌಕರರಿಗೆ ಸೇರಿದ್ದಾಗಿತ್ತು.

ನನಗೆ ಕಣ್ಣು ತೆರೆಸಿದ್ದು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ 2023ರ ವರದಿ. ಚೀನಾ ಮೂಲದ ಒಂದೇ ಜಾಲದ 7,704 ಫೇಸ್‌ಬುಕ್ ಖಾತೆಗಳನ್ನು ಅವರು ತೆಗೆದರು. ಆ ಖಾತೆಗಳು ಬೀಜಿಂಗ್ ಗಡಿಯಾರ ನೋಡಿ ಕೆಲಸ ಮಾಡುತ್ತಿದ್ದವಂತೆ, ಮಧ್ಯೆ ಊಟಕ್ಕೆ ಬಿಡುವು ಬೇರೆ! ಇಷ್ಟೆಲ್ಲ ಮಾಡಿಯೂ ನಿಜವಾದ ಓದುಗರು ಅವಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ನನ್ನ ಪ್ರಕಾರ ವಿಷಯ ಇರುವುದು ಇಲ್ಲಿಯೇ. ಬಾಡಿಗೆ ಕೈಗಳು ಸಾವಿರ ಇರಲಿ, ನಮ್ಮ ಮಾವನೋ ಅತ್ತಿಗೆಯೋ ಪುಕ್ಕಟೆಯಾಗಿ ಫಾರ್ವರ್ಡ್ ಮಾಡದಿದ್ದರೆ ಅದು ಊರೊಳಗೆ ಬರುವುದೇ ಇಲ್ಲ.

ಹಾಗಾಗಿ ನಾನೂ ಜನ ಸೇರಿಸಿದೆ. ನಮ್ಮ ಕಡಲತೀರದಲ್ಲಿ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಹಾಗೆ, ಹಗ್ಗ ಹಿಡಿಯಲು ಕೈ ಜಾಸ್ತಿ ಬೇಕು ಅಷ್ಟೆ. ದಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಮೀನು ಮಾರುವ ಅಕ್ಕ, ರಿಕ್ಷಾ ಪಾರ್ಕಿನ ಅಣ್ಣ, ಸುರತ್ಕಲ್ ಕಡೆಯ ಭಜನಾ ಮಂಡಳಿಯವರು, ಉಳ್ಳಾಲದ ಒಬ್ಬ ಉಸ್ತಾದರು, ಚರ್ಚಿನ ವಾಳೆಯ (ವಾರ್ಡಿನ) ಮುಖಂಡರಾದ ಗುರಿಕಾರರು. ಗಲ್ಫ್‌ನಲ್ಲಿರುವ ಕೆಲವರನ್ನು ಬೇಕೆಂದೇ ಸೇರಿಸಿಕೊಂಡೆ. ಊರಿನ ಚಿಂತೆಯಲ್ಲಿ ಏನು ಬಂದರೂ ಮನೆಗೆ ಕಳಿಸುವವರು ಅವರು, ಪಾಪ.

ಲಿಂಕ್ ಕಳಿಸುವುದು ಬೇಡ ಅಂತ ಮೊದಲೇ ಹೇಳಿದೆ. ಲಿಂಕ್ ಯಾರು ಒತ್ತುತ್ತಾರೆ? ನಾನು ಪರೀಕ್ಷಿಸಿ ಎರಡು ಸಾಲು ಬರೆಯುತ್ತೇನೆ. ಅವರು ಅದನ್ನು ತಮ್ಮ ದನಿಯಲ್ಲಿ, ತಮ್ಮ ಭಾಷೆಯಲ್ಲಿ ವಾಯ್ಸ್ ಮೆಸೇಜ್ ಮಾಡಿ ತಮ್ಮ ಗುಂಪುಗಳಿಗೆ ಹಾಕುತ್ತಾರೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ. 'ಬೈರೂತ್‌ದ ಪರತ್ ವಿಡಿಯೋ ಮಾರಾಯ್ರೆ, ಫಾರ್ವರ್ಡ್ ಮಲ್ಪೊಡ್ಚಿ' (ಬೈರೂತ್‌ನ ಹಳೇ ವಿಡಿಯೋ, ಫಾರ್ವರ್ಡ್ ಮಾಡಬೇಡಿ) ಅಂತ ದಕ್ಕೆಯ ಅಕ್ಕ ತುಳುವಿನಲ್ಲಿ ಹೇಳಿದರೆ ಮುಗಿಯಿತು. ಪಿಐಬಿಯ ಕೆಂಪು ಮುದ್ರೆಗಿಂತ ಆಕೆಯ ದನಿಗೆ ಬೆಲೆ ಜಾಸ್ತಿ. ಕಳಿಸಿದವರನ್ನು ಗುಂಪಿನಲ್ಲಿ ಬೈಯಬಾರದು ಎಂಬುದೂ ಮುಖ್ಯ. ಬೈದರೆ ಅವರು ಬೇರೆ ಗುಂಪಿಗೆ ಹೋಗಿ ಅದನ್ನೇ ಹಾಕುತ್ತಾರೆ.

ಸುಲಭವಾಗಿತ್ತು ಅಂತ ಹೇಳಲಾರೆ. ಪಾಕಿಸ್ತಾನದವರ ಸುಳ್ಳು ಬಿಚ್ಚಿದಾಗ ಚಪ್ಪಾಳೆ. ಆದರೆ ಕರಾಚಿ ಬಂದರು ಪುಡಿಯಾಯಿತು ಎಂಬುದು ಸುಳ್ಳು ಅಂದ ದಿನ ಗುಂಪು ತಣ್ಣಗಾಯಿತು. 'ಇದನ್ನು ಹೇಳಲೇಬೇಕಾ ಮೇಡಂ?' ಅಂತ ಒಬ್ಬರು ಕೇಳಿದರು. ಇಬ್ಬರು ಹೊರಟೇ ಹೋದರು. ಅವರನ್ನು ಮತ್ತೆ ಕರೆಯಲಿಲ್ಲ. ನಮಗೆ ಬೇಕಾದ ಸುಳ್ಳನ್ನು ಬಿಟ್ಟುಕೊಟ್ಟರೆ ಉಸ್ತಾದರ ಮಾತನ್ನೂ ಗುರಿಕಾರರ ಮಾತನ್ನೂ ಮುಂದೆ ಯಾರು ನಂಬುತ್ತಾರೆ?

ಇನ್ನೊಂದು ವಿಷಯ. ಒಂದೇ ವಾಕ್ಯ, ಒಂದೇ ಕಾಗುಣಿತದ ತಪ್ಪಿನೊಂದಿಗೆ, ಬೇರೆ ಬೇರೆ ಹೆಸರಿನಲ್ಲಿ ನಮ್ಮ ಪೋಸ್ಟಿನಡಿ ಬರುವುದುಂಟು. ಅದರ ಹಿಂದೆ ಇಂಥದೇ ಸರ್ಕಾರ ಇದೆ ಅಂತ ಮಂಗಳೂರಿನ ಹಂಪನಕಟ್ಟೆಯಲ್ಲಿ ಕೂತು ಹೇಳಲಿಕ್ಕೆ ಆಗುವುದಿಲ್ಲ. ಅದಕ್ಕೆ ಕಂಪನಿಗಳ ಒಳಗಿನ ದಾಖಲೆ ಬೇಕು. ನಾನು ಸ್ಕ್ರೀನ್‌ಶಾಟ್ ತೆಗೆದು, ಸಮಯ ಬರೆದಿಟ್ಟು, ರಿಪೋರ್ಟ್ ಒತ್ತಿ ಸುಮ್ನಾಗುತ್ತೇನೆ.

ಗುಂಪು ಈಗಲೂ ಉಂಟು. ಅದು ಜಾಸ್ತಿ ಗಲಗಲ ಅನ್ನುವುದು ಮಳೆಗಾಲದಲ್ಲಿ, ನಾಳೆ ಶಾಲೆಗೆ ರಜೆ ಎಂಬ ಜಿಲ್ಲಾಧಿಕಾರಿಗಳ ನಕಲಿ ಆದೇಶ ಬಂದಾಗ. ಹೋದ ವರ್ಷದ ಪತ್ರದ ತಾರೀಕು ತಿದ್ದಿರುತ್ತಾರೆ, ವಾರ ತಿದ್ದಲು ಮರೆತಿರುತ್ತಾರೆ. ಮೊದಲು ಕೇಳುವುದು ಶಾಲೆ ಮಕ್ಕಳನ್ನು ಬಿಡುವ ರಿಕ್ಷಾದ ಅಣ್ಣನೇ: 'ಬೇಗ ಹೇಳಿ ಮಾರಾಯ್ರೆ, ನಾಳೆ ಬಾಡಿಗೆ ಉಂಟಾ ಇಲ್ವಾ?'