ಮೂರು ಪೆಟ್ಟಿಗೆ ಹಂಚಿಕೊಂಡು ಮೋಹೋ ನೋಡಿದ್ದು

ನಾವೇ ಮಾಡಿದ ಮೂರು ಭೂಕಂಪಮಾಪಕ ಪೆಟ್ಟಿಗೆಗಳು ಹಿಡಿದ ದೂರದ ಭೂಕಂಪಗಳನ್ನು ಹೋದ ವಾರ ಸ್ಟಾಕ್ ಹಾಕಿ, ಅಂದರೆ ಒಂದರ ಮೇಲೊಂದು ಕೂಡಿಸಿ ನೋಡಿದಾಗ, ಮೊದಲ ಅಲೆ ಬಂದು ನಾಲ್ಕು ಸೆಕೆಂಡ್ ದಾಟಿದ ಮೇಲೆ ಒಂದು ಉಬ್ಬು ಎದ್ದು ನಿಂತಿತ್ತು. ಮೂರೂ ಪೆಟ್ಟಿಗೆಯಲ್ಲಿ, ಹೆಚ್ಚು ಕಡಿಮೆ ಅದೇ ಜಾಗದಲ್ಲಿ. 4.2 ಸೆಕೆಂಡ್ ಅಂತಿಟ್ಟುಕೊಳ್ಳಿ. ಅಂದರೆ ನಮ್ಮ ಕಾಲ ಕೆಳಗೆ ಸುಮಾರು 35 ಕಿ.ಮೀ.ಗೆ ಮೋಹೋ, ಭೂಮಿಯ ಹೊರಚಿಪ್ಪು (ಕ್ರಸ್ಟ್) ಮುಗಿದು ಒಳಪದರ ಶುರುವಾಗುವ ಗಡಿ. ದೊಡ್ಡ ಬ್ರಾಡ್‌ಬ್ಯಾಂಡ್ ಭೂಕಂಪಮಾಪಕ ಇಟ್ಟವರು ಪೂರ್ವ ಧಾರವಾಡ ಕ್ರೇಟಾನ್‌ಗೆ, ಅಂದರೆ ನಮ್ಮ ಕಾಲ ಕೆಳಗಿನ ಹಳೇ ಶಿಲಾಖಂಡಕ್ಕೆ, ಹೇಳುವ ಲೆಕ್ಕವೂ ಇದರ ಆಸುಪಾಸಿನಲ್ಲೇ ಇದೆ. ಬೆಂಗಳೂರಿನ ಗಲಾಟೆಯಲ್ಲಿ, ಅದೂ 4.5 ಹರ್ಟ್ಸ್‌ಗಿಂತ ನಿಧಾನದ ಅಲುಗಾಟವನ್ನು ಸರಿಯಾಗಿ ಹಿಡಿಯದ ಜಿಯೋಫೋನಿನಲ್ಲಿ (ನೆಲದ ಕಂಪನ ಹಿಡಿಯುವ ಸೆನ್ಸರ್), ಇದು ಆಗುವ ಕೆಲಸವಲ್ಲ ಅಂತ ಕನಿಷ್ಠ ಐದಾರು ಜನ ಹೇಳಿದ್ದರು. ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವು ನಾಲ್ಕು ಜನ. ಇಬ್ಬರು ಕಾಲೇಜು ಮೇಷ್ಟ್ರು, ಒಬ್ಬ ಎಲೆಕ್ಟ್ರಾನಿಕ್ಸ್ ಹುಡುಗ, ನಾನು. ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆ ಮಾಡಿಕೊಂಡರೆ ಅದು ಅವರವರ ಮನೆ ಮೂಲೆಯಲ್ಲಿ ಕೂರುತ್ತೆ, ಅಷ್ಟೇ. ಅಮೆರಿಕದ ಭೂಕಂಪಮಾಪಕಗಳ ಜಾಲ ಯುಎಸ್‌ಅರೇ ನೆನಪಿದೆ ಅಲ್ವಾ? ಸುಮಾರು 400 ಉಪಕರಣ, 70 ಕಿ.ಮೀ. ಅಂತರ. ಒಂದೊಂದು ಜಾಗದಲ್ಲಿ ಹತ್ತಿರ ಹತ್ತಿರ ಎರಡು ವರ್ಷ ಇಟ್ಟು, ಕಿತ್ತು, ಪೂರ್ವಕ್ಕೆ ಸರಿಸುತ್ತಾ ಇಡೀ ಅಮೆರಿಕ ದಾಟಿದರು. ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾವೂ ಅದೇ ನಿಯಮ ಮಾಡಿಕೊಂಡೆವು: ಪೆಟ್ಟಿಗೆ ಯಾರ ಸ್ವಂತದ್ದೂ ಅಲ್ಲ, ಡೇಟಾ ಮೊದಲ ದಿನದಿಂದಲೇ ನಾಲ್ವರದ್ದೂ. ಒಂದು ಪೆಟ್ಟಿಗೆ ಬನಶಂಕರಿಯ ಮನೆಯ ನೆಲದ ಮೇಲೆ, ಒಂದು ಮಾಗಡಿ ಕಡೆ ತೋಟದಲ್ಲಿ, ಇನ್ನೊಂದು ಕೋಲಾರದ ದಾರಿಯಲ್ಲಿ ಬಂಡೆ ಮೇಲೆ.

ದುಡ್ಡಿನ ಮಾತು ಹೇಳಿಬಿಡುತ್ತೇನೆ. ಒಂದು ಪೆಟ್ಟಿಗೆಗೆ 23 ಸಾವಿರದ ಹತ್ತಿರ ಬಿತ್ತು. ಮೂರು ಜಿಯೋಫೋನಿಗೆ ಒಂಬತ್ತು ಸಾವಿರ, ಉಳಿದದ್ದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಜಿಯೋಫೋನಿನ ಸಿಗ್ನಲನ್ನು ಅಂಕಿಗೆ ಇಳಿಸುವ 24 ಬಿಟ್ ಎಡಿಸಿ, ಜಿಪಿಎಸ್, ಬ್ಯಾಟರಿ, ಸೋಲಾರ್. ಜಿಯೋಫೋನ್ ಬಿಟ್ಟು ಬಹಳಷ್ಟು ಎಸ್‌ಪಿ ರೋಡಿನಲ್ಲೇ ಸಿಕ್ಕಿತು. ಆದರೆ ಮೊದಲ ಸಲ ತರಿಸಿದ ಒಂಬತ್ತು ಜಿಯೋಫೋನೂ ವರ್ಟಿಕಲ್ (ಮೇಲೆ-ಕೆಳಗಿನ ಕಂಪನ ಹಿಡಿಯುವಂಥವು) ಬಂದವು! ಆರು ಹಾರಿಜಾಂಟಲ್ ಅಂತ ಬರೆದು ಕಳಿಸಿದ್ದೆವು. ವರ್ಟಿಕಲ್ ಅನ್ನು ಅಡ್ಡ ಮಲಗಿಸಿದರೆ ಒಳಗಿನ ಸುರುಳಿ ಒಂದು ಪಕ್ಕಕ್ಕೆ ಅಂಟಿಕೊಂಡು ಕೂರುತ್ತೆ, ಕೆಲಸಕ್ಕೆ ಬರಲ್ಲ. ವಾಪಸ್ ತಗೊಳ್ಳಲಿಲ್ಲ. 18 ಸಾವಿರ ಹೋಯಿತು. ಆಮೇಲೆ ಅಕ್ಟೋಬರ್ ಮಳೆಗೆ ಮಾಗಡಿ ಗುಂಡಿಯಲ್ಲಿ ನೀರು ತುಂಬಿ ಒಂದು ಪೈ, ಒಂದು ಎಡಿಸಿ ಸತ್ತವು. ಎಲ್ಲ ಸೇರಿ ಒಂದು ಲಕ್ಷದ ಹತ್ತಿರ ಹೋಗಿರಬೇಕು.

ನಿಜವಾಗಿ ನೋವಾಗಿದ್ದು ದುಡ್ಡಿಗಲ್ಲ, ಹಾಳಾದ ನಾಲ್ಕು ತಿಂಗಳಿಗೆ. ಮೊದಲು ನಾವು ಹಿಡಿದದ್ದು ಆಂಬಿಯೆಂಟ್ ನಾಯ್ಸ್ ದಾರಿ. ಭೂಕಂಪ ಇಲ್ಲದಾಗಲೂ ನೆಲದಲ್ಲಿರುವ ಸದ್ದನ್ನು ಎರಡು ಪೆಟ್ಟಿಗೆಯಲ್ಲಿ ಹಿಡಿದು, ಒಂದಕ್ಕೊಂದು ತಾಳೆ ಹಾಕಿ ಮೇಲ್ಮೈ ಅಲೆಯ ವೇಗ ತೆಗೆಯುವುದು. ಜಿಪಿಎಸ್ ಕೂರಿಸಿದ್ದೆವು, ಆದರೆ ಗಡಿಯಾರ ಸರಿಯಾಗಿಡುವ ಅದರ ಸೆಕೆಂಡ್ ಪಲ್ಸ್ ತಂತಿಯನ್ನು ಪೈಗೆ ಕೊಟ್ಟಿರಲಿಲ್ಲ. ಸಿಮ್ ಮೇಲೆ ನೆಟ್ ಬಂದಾಗ ಗಡಿಯಾರ ಒಂದು ಕಡೆಗೆ ಜಿಗಿಯುವುದು, ಹೋದಾಗ ಇನ್ನೊಂದು ಕಡೆಗೆ ಜಾರುವುದು. ಎರಡು ಪೆಟ್ಟಿಗೆ ಬೇರೆ ಬೇರೆ ಟೈಮ್ ಹೇಳಿದರೆ ಆ ಲೆಕ್ಕದಲ್ಲಿ ಏನೂ ಉಳಿಯಲ್ಲ. ಇದಾದ ಮೇಲೆಯೇ ರಿಸೀವರ್ ಫಂಕ್ಷನ್ ಕಡೆ ತಿರುಗಿದ್ದು. ಅಲ್ಲಿ ಪ್ರತಿ ಪೆಟ್ಟಿಗೆಯೂ ತನ್ನ ಪಾಡಿಗೆ ತಾನು. ದೂರದ ಭೂಕಂಪದ ಮೊದಲ ಅಲೆ ಪಿ. ಮೋಹೋ ದಾಟುವಾಗ ಅದರ ಒಂದು ಪಾಲು ನಿಧಾನದ ಎಸ್ ಅಲೆಯಾಗಿ ಬದಲಾಗುತ್ತೆ, ಅದೇ ಪಿಎಸ್. ಪಿ ಬಂದ ಮೇಲೆ ಎಷ್ಟು ಹೊತ್ತಿಗೆ ಪಿಎಸ್ ಬಂತು ಅನ್ನುವುದಷ್ಟೇ ಬೇಕು, ಗಡಿಯಾರ ಒಂದು ಸೆಕೆಂಡ್ ಆಚೀಚೆ ಇದ್ದರೂ ನಡೆಯುತ್ತೆ. ನಡುವೆ ಸ್ಯಾಂಪಲ್ ಮಾತ್ರ ಬಿಟ್ಟುಹೋಗಬಾರದು.

ಗಲಾಟೆಯ ವಿಷಯದಲ್ಲಿ ಅನುಮಾನ ಪಟ್ಟವರು ಮರೆತದ್ದು ಇದು: ಬಸ್ಸು, ಲಾರಿ, ಮೆಟ್ರೋ, ಎಲ್ಲದರ ಸದ್ದು ಬಹುಪಾಲು 1 ಹರ್ಟ್ಸ್‌ಗಿಂತ ಮೇಲೆ. ನಮಗೆ ಬೇಕಾದದ್ದು ಅದರ ಕೆಳಗೆ. ಜಿಯೋಫೋನಿನ 4.5 ಹರ್ಟ್ಸ್ ಅಂಚನ್ನು ಅರ್ಧ ಹರ್ಟ್ಸ್ ತನಕ ಕೆಳಗೆ ಎಳೆದದ್ದು ನಮ್ಮ ಹುಡುಗನ ಕೈಚಳಕ. ಅದನ್ನು ಸದ್ಯಕ್ಕೆ ಬಿಡಿಸಿ ಹೇಳಲ್ಲ. ಬರೀ ಸಾಫ್ಟ್‌ವೇರಿನಲ್ಲಿ ತಿದ್ದಿದರೆ ಸಾಲದು ಅಂತ ಮಾತ್ರ ಹೇಳುತ್ತೇನೆ.

ನಮ್ಮ ಡೇಟಾ ಮುಟ್ಟುವ ಮುಂಚೆ ಕೋಡನ್ನು ಹೈದರಾಬಾದಿನ ಎಚ್‌ವೈಬಿ ಸ್ಟೇಷನ್ನಿನ ಹಳೇ ಡೇಟಾ ಮೇಲೆ ಓಡಿಸಿದೆವು. ಫ್ರೆಂಚರ ಜಿಯೋಸ್ಕೋಪ್ ಜಾಲದ್ದು, ಎಲ್ಲರಿಗೂ ತೆರೆದಿದೆ. ಅಲ್ಲಿ ಉತ್ತರ ಮೊದಲೇ ಗೊತ್ತು. ನಮ್ಮ ಕೋಡೂ ಅದನ್ನೇ ಕೊಟ್ಟ ದಿನ ರಾತ್ರಿ ನಿದ್ದೆ ಬಂತು. ಇದನ್ನು ಮಾಡದೆ ಯಾರೂ ಮುಂದಕ್ಕೆ ಹೋಗಬೇಡಿ.

ಆದರೂ ಕೋಲಾರದ ಪೆಟ್ಟಿಗೆ ಹಟ ಮಾಡುತ್ತಲೇ ಇತ್ತು. 2025ರ ಜುಲೈ 30ರ ಬೆಳಗಿನ ಜಾವ ರಷ್ಯಾದ ಕಮ್‌ಚಾಟ್ಕಾದ 8.8 ತೀವ್ರತೆಯ ಭೂಕಂಪ ಬಂತು. ಭೂಮಿಯ ಸುತ್ತಳತೆ 360 ಡಿಗ್ರಿ ಅಂದರೆ, ನಮ್ಮಿಂದ 75 ಡಿಗ್ರಿ ದೂರ. ಐದು ಗಂಟೆ ದಾಟುತ್ತಿದ್ದ ಹಾಗೆ ಪಿ ಅಲೆ ಮೂರರಲ್ಲೂ ಕಂಡಿತು. ಎರಡು ಪೆಟ್ಟಿಗೆ ಅದು ಈಶಾನ್ಯದಿಂದ ಬಂತು ಅಂದವು. ಕೋಲಾರದ್ದು ಮಾತ್ರ ವಾಯವ್ಯ ಅಂದಿತು. ಹೋಗಿ ಬಿಚ್ಚಿದರೆ ಪೂರ್ವ-ಪಶ್ಚಿಮ ಜಿಯೋಫೋನಿನ ತಂತಿ ಉಲ್ಟಾ ಬೆಸುಗೆಯಾಗಿತ್ತು. ಹಳೇ ಡೇಟಾಕ್ಕೆಲ್ಲ ಮೈನಸ್ ಹಾಕಿದೆವು, ಸರಿಹೋಯಿತು.

ಭೂಕಂಪ ದೊಡ್ಡದಾದಷ್ಟೂ ಒಳ್ಳೆಯದು ಅಂತಲ್ಲ. ಅದೇ ವರ್ಷ ಮಾರ್ಚ್‌ನಲ್ಲಿ ಮ್ಯಾನ್ಮಾರ್‌ನ 7.7 ಬಂದಾಗ ಗೆರೆ ಪರದೆ ತುಂಬಾ ಕುಣಿಯಿತು. ಆದರೆ 20 ಡಿಗ್ರಿ ಆಸುಪಾಸು, ಈ ವಿಧಾನಕ್ಕೆ ತೀರಾ ಹತ್ತಿರ, ಸ್ಟಾಕ್‌ಗೆ ಬರಲಿಲ್ಲ. ನಮಗೆ ಅನ್ನ ಹಾಕಿದ್ದು ಜಪಾನ್, ಫಿಲಿಪೀನ್ಸ್, ಪಪುವಾ ನ್ಯೂಗಿನಿ ಕಡೆಯ 6, 6.5ರವು. ಅರವತ್ತರಷ್ಟು ಸಿಕ್ಕವು, ಇಪ್ಪತ್ತೆರಡೋ ಇಪ್ಪತ್ತಮೂರೋ ಉಳಿಸಿಕೊಂಡೆವು. ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನನ್ನದೊಂದು ಅಳತೆ ಇದೆ. ಅದು ಇನ್ನೊಂದು ಸಲ.

ನಡುವೆ ಸುಮ್ನೆ ಆಟ ಆಡಿದ್ದೂ ಇದೆ. ಮಾಗಡಿ ಪೆಟ್ಟಿಗೆಯಲ್ಲಿ ದಿನಾ 48 ಹರ್ಟ್ಸ್ ಹತ್ತಿರ ಒಂದು ಗೆರೆ ಬರುತ್ತಿತ್ತು. ಬೋರ್‌ವೆಲ್ ಮೋಟರ್, ನಿಮಿಷಕ್ಕೆ 2880 ಸುತ್ತು. ಆ ಗೆರೆ ನೋಡಿಯೇ ತ್ರೀ ಫೇಸ್ ಕರೆಂಟ್ ಯಾವಾಗ ಬಂತು, ಯಾವಾಗ ಹೋಯಿತು ಅಂತ ಬನಶಂಕರಿಯಲ್ಲಿ ಕೂತು ಹೇಳುತ್ತಿದ್ದೆ. ತೋಟದ ಗೌಡರು ಮೊದಲ ದಿನ "ಏನ್ ಸಾರ್, ನೀರು ನೋಡೋ ಮಿಷನ್ನಾ?" ಅಂದಿದ್ದರು. ಈಗ ಫೋನ್ ಮಾಡಿ "ಸಾರ್, ಕರೆಂಟ್ ಬಂತಾ?" ಅಂತ ನನ್ನನ್ನೇ ಕೇಳುತ್ತಾರೆ.

ಮಾಗಡಿಯ ಉಬ್ಬು ಕೋಲಾರಕ್ಕಿಂತ ಕಾಲು ಸೆಕೆಂಡ್ ತಡ. ನಮ್ಮ ತಪ್ಪಿನ ಅಂತರವೂ ಅಷ್ಟೇ ಇರುವುದರಿಂದ ಈಗಲೇ ಏನೂ ಹೇಳಲ್ಲ. ಆದರೆ ಪಶ್ಚಿಮಕ್ಕೆ ಹೋದ ಹಾಗೆ ಕ್ರಸ್ಟ್ 40 ಕಿ.ಮೀ. ದಾಟಿ ದಪ್ಪವಾಗುತ್ತೆ ಅಂತ ಎಲ್ಲರಿಗೂ ಗೊತ್ತು. ಅದನ್ನು ನಮ್ಮ ಪೆಟ್ಟಿಗೆಯಲ್ಲೇ ನೋಡಬೇಕು. ಮುಂದಿನ ತಿಂಗಳು ಮೂರನ್ನೂ ಕಿತ್ತು ತಿಪಟೂರು, ಅರಸೀಕೆರೆ, ಹಾಸನಕ್ಕೆ ಒಯ್ಯುತ್ತೇವೆ. ಎರಡು ಕಡೆ ಜಾಗ ಸಿಕ್ಕಿದೆ. ಅರಸೀಕೆರೆ ಹತ್ತಿರ ಬಂಡೆ ಇರುವ ಜಮೀನು, ಬೋರ್‌ವೆಲ್‌ನಿಂದ ಇನ್ನೂರು ಮೀಟರ್ ದೂರ, ನಿಮಗೆ ಗೊತ್ತಿದ್ದರೆ ಹೇಳಿ. ಡೇಟಾ ನಿಮಗೂ ಕೊಡುತ್ತೇವೆ.