ವಾಲ್ವ್ ರೇಡಿಯೊಗೆ ಮೊಬೈಲ್ ಜೋಡಿಸುವ ಮುನ್ನ, ಜೋಡಿಸುವಾಗ

ಚಿತ್ರದುರ್ಗದ ಆಕಾಶವಾಣಿ ಕೇಳಿಸುವುದು ಎಫ್‌ಎಂ 102.6ರಲ್ಲಿ. ಆದರೆ ಅದೇ ಊರಿನ ಸಂತೆಪೇಟೆಯಲ್ಲೋ ದಾವಣಗೆರೆಯ ಮಂಡಿಪೇಟೆಯಲ್ಲೋ ಅಟ್ಟದ ಮೇಲೆ ಧೂಳು ಹಿಡಿದು ಕೂತಿರುವ ಮರ್ಫಿ, ಬುಷ್, ಫಿಲಿಪ್ಸ್ ವಾಲ್ವ್ ರೇಡಿಯೊ ಸೆಟ್‌ಗಳಿಗೆ ಅದು ಸಿಕ್ಕುವುದಿಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಮೀಡಿಯಂ ವೇವ್ ಮತ್ತು ಶಾರ್ಟ್ ವೇವ್ ಮಾತ್ರ. ಭದ್ರಾವತಿಯ 675, ಧಾರವಾಡದ 765 ಕಿಲೋಹರ್ಟ್ಸ್ ಹುಡುಕಿಕೊಂಡು ಮುಳ್ಳು ತಿರುಗಿಸಿದರೂ ನಿಲಯಕ್ಕಿಂತ ಮೊದಲು ಎಲ್‌ಇಡಿ ಬಲ್ಬು, ಚಾರ್ಜರ್‌ಗಳ ಗೊರಗೊರವೇ ಕಿವಿಗೆ ಬೀಳುತ್ತದೆ. ಹಾಗಾಗಿ ಮೊಬೈಲಿನ ಹಾಡನ್ನು ತಂತಿಯ ಮೂಲಕ ಅದರೊಳಗೆ ಬಿಡುವುದು ಒಳ್ಳೆಯ ಉಪಾಯ.

ಈಗ ಕೆಲವರು ವಾಲ್ವ್ (ಸದ್ದನ್ನು ಹಿಗ್ಗಿಸುವ ಗಾಜಿನ ಕೊಳವೆ), ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಕಿತ್ತು ಗುಜರಿಗೆ ಹಾಕಿ, ಖಾಲಿ ಪೆಟ್ಟಿಗೆಯಲ್ಲಿ ಅಗ್ಗದ ಬ್ಲೂಟೂತ್ ಕಿಟ್ ಕೂರಿಸಿಕೊಡುತ್ತಾರೆ. ಅದನ್ನು ರಿಪೇರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ವಾಲ್ವ್ ಉಳಿಸಿಕೊಂಡೇ ಮಾಡುವ ಕೆಲಸಕ್ಕೆ ಬೇಕಾಗುವುದು ಒಂದು ತಂತಿ, ಎರಡು ರೆಸಿಸ್ಟರ್, ಒಂದು ಕಂಡೆನ್ಸರ್ (ಕೆಪ್ಯಾಸಿಟರ್). ತಲೆ ಓಡಿಸಬೇಕಾದದ್ದು ಅದಕ್ಕೂ ಮುಂಚಿನ ಪರೀಕ್ಷೆಯಲ್ಲಿ.

ಚಾಸಿಯಲ್ಲಿ ಕರೆಂಟ್ ಇದೆಯೇ?

ಹಳೆಯ ಸೆಟ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇದ್ದು, ಮನೆಯ ಕರೆಂಟಿಗೂ ಒಳಗಿನ ತಗಡಿನ ಚಾಸಿಗೂ ನೇರ ಸಂಬಂಧ ಇರುವುದಿಲ್ಲ. ಇನ್ನೊಂದು ಎಸಿ/ಡಿಸಿ ಸೆಟ್. ಅದರಲ್ಲಿ ಕರೆಂಟಿನ ಎರಡು ತಂತಿಗಳಲ್ಲಿ ಒಂದು ಸೀದಾ ಚಾಸಿಗೇ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ತಿರುವುಮುರುವು ಹಾಕಿದಿರೋ, ಚಾಸಿಯ ಮೇಲೆ 230 ವೋಲ್ಟ್. ಅಂಥ ಸೆಟ್ಟಿಗೆ ಮೊಬೈಲ್ ಜೋಡಿಸಿದರೆ ಆ 230 ವೋಲ್ಟ್ ಕೈಯಲ್ಲಿ ಹಿಡಿದ ಫೋನಿನವರೆಗೂ ಬರುತ್ತದೆ.

ವಾಲ್ವ್‌ಗಳ ಹೆಸರು ಸುಳಿವು ಕೊಡುತ್ತದೆ. ಗಾಜಿನ ಮೇಲೆ ಇಸಿಎಚ್ 81, ಇಬಿಎಫ್ 89, ಇಎಲ್ 84 ಎಂದು ‘ಇ’ಯಿಂದ ಶುರುವಾದರೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಸೆಟ್, ಯುಸಿಎಚ್ 81, ಯುಎಲ್ 84 ಎಂದು ‘ಯು’ ಇದ್ದರೆ ಎಸಿ/ಡಿಸಿ. ಆದರೆ ಇದನ್ನೇ ನಂಬಿ ಕೂರಬೇಡಿ. ಕೆಲವು ಕಂಪನಿಗಳು ಖರ್ಚು ಉಳಿಸಲು ಆಟೊ ಟ್ರಾನ್ಸ್‌ಫಾರ್ಮರ್ ಹಾಕಿದ್ದವು. ನೋಡಲು ಟ್ರಾನ್ಸ್‌ಫಾರ್ಮರ್ ಇದ್ದರೂ ಚಾಸಿ ಕರೆಂಟಿಗೇ ಅಂಟಿಕೊಂಡಿರುತ್ತದೆ.

ತೀರ್ಪು ಹೇಳುವುದು ಮಲ್ಟಿಮೀಟರ್. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಡಿ. ರೇಡಿಯೊದ ಸ್ವಿಚ್ಚನ್ನು ಮಾತ್ರ ಆನ್ ಮಾಡಿ. ಇದನ್ನು ಮರೆತರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಮೀಟರನ್ನು ಓಮ್ಸ್‌ಗೆ ಇಟ್ಟು, ಒಂದು ಕಡ್ಡಿಯನ್ನು ಪ್ಲಗ್ಗಿನ ಪಿನ್ನಿಗೂ ಇನ್ನೊಂದನ್ನು ಚಾಸಿಯ ತುಕ್ಕಿಲ್ಲದ ಸ್ಕ್ರೂವಿಗೂ ಮುಟ್ಟಿಸಿ. ಆಮೇಲೆ ಎರಡನೆಯ ಪಿನ್ನಿಗೆ. ಎರಡರಲ್ಲೂ ಮೆಗಾ ಓಮ್‌ಗಳಲ್ಲಿ ತೋರಿಸಿದರೆ ಅಥವಾ ಮುಳ್ಳು ಅಲುಗಾಡದಿದ್ದರೆ ಮುಂದುವರಿಯಬಹುದು. ಯಾವ ಪಿನ್ನಿನಲ್ಲಾದರೂ ಸೊನ್ನೆಯೋ ಕೆಲವು ನೂರು ಓಮೋ ಬಂದರೆ ಅಲ್ಲಿಗೇ ನಿಲ್ಲಿಸಿ. ಅಂಥ ರೇಡಿಯೊವನ್ನು ಸುಮಾರು 100 ವಿಎ ಸಾಮರ್ಥ್ಯದ, ಒಂದಕ್ಕೊಂದು ಅನುಪಾತದ ಐಸೊಲೇಶನ್ (ಮನೆಯ ಕರೆಂಟಿನಿಂದ ಬೇರ್ಪಡಿಸುವ) ಟ್ರಾನ್ಸ್‌ಫಾರ್ಮರ್ ಮೂಲಕವೇ ಓಡಿಸಬೇಕು. ಮನೆಯಲ್ಲಿ ಫ್ರಿಜ್ಜಿಗೆ ಹಾಕಿದ ಸ್ಟೆಬಿಲೈಸರ್ ಇದೆಯಲ್ಲ ಎನ್ನಬೇಡಿ, ಅದು ಕರೆಂಟನ್ನು ಬೇರ್ಪಡಿಸುವುದಿಲ್ಲ.

ಎಬ್ಬಿಸುವುದು

ವರ್ಷಗಟ್ಟಲೆ ಮಲಗಿದ್ದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಹಾಕಬಾರದು. ನಮ್ಮ ಕಡೆಯ ಒಣ ಬಿಸಿಲಿಗೆ ಹಳೆಯ ರಬ್ಬರ್ ತಂತಿಯ ಹೊದಿಕೆ ಮುಟ್ಟಿದರೆ ಉದುರುವಷ್ಟು ಒಣಗಿರುತ್ತದೆ. ಕರೆಂಟಿನ ತಂತಿಯನ್ನು ಹೊಸದು ಹಾಕಿಸಿ. ಹಿಂಬದಿಯಲ್ಲಿ ವೋಲ್ಟೇಜ್ ಆರಿಸುವ ಬಿಲ್ಲೆ ಇದ್ದು ಅದರಲ್ಲಿ 220 ಮತ್ತು 245 ಎರಡೂ ಇದ್ದರೆ 245ಕ್ಕೆ ಇಡಿ. ಮೊದಲ ಸಲ 100 ವಾಟ್‌ನ ಹಳೆಯ ಕಾಲದ ತಂತಿ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬನ್ನು ದಾಟಿಯೇ ರೇಡಿಯೊಗೆ ಹೋಗುವಂತೆ, ಹಾಕಿ ಸ್ವಿಚ್ ಒತ್ತಿ. ಬಲ್ಬು ಮೊದಲು ಜೋರಾಗಿ ಉರಿದು ನಿಧಾನವಾಗಿ ಮಂಕಾದರೆ ಒಳ್ಳೆಯ ಲಕ್ಷಣ. ಜೋರಾಗಿಯೇ ಉರಿಯುತ್ತಿದ್ದರೆ ಒಳಗೆಲ್ಲೋ ಶಾರ್ಟ್ ಇದೆ, ತಕ್ಷಣ ಪ್ಲಗ್ ಕೀಳಿ.

ಸ್ಪೀಕರನ್ನು ಓಡಿಸುವ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಸದ್ದು ಒಳಹೋಗುವ ತುದಿಗೆ) ಹೋಗುವ ಮೇಣದ ಕಾಗದದ ಕಂಡೆನ್ಸರನ್ನು ಕಣ್ಣು ಮುಚ್ಚಿ ಬದಲಿಸಿ ಎನ್ನುತ್ತೇನೆ. ಅದು ಸೋರಿದರೆ ಬೆಲೆಬಾಳುವ ವಾಲ್ವೇ ಹೋಗುತ್ತದೆ. ಹಿಂದೆ ಅವನ್ನು ಮಾಡುತ್ತಿದ್ದ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಈಗ ಅಂಥ ವಾಲ್ವ್ ಮಾಡಿಕೊಡುವುದಿಲ್ಲ. ಒಳಗೆ ಕೈಹಾಕುವಾಗ ನೆನಪಿರಲಿ: ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರಿನಲ್ಲಿ (ಡಿಸಿಯ ಏರಿಳಿತ ತಗ್ಗಿಸುವ ದೊಡ್ಡ ಕಂಡೆನ್ಸರ್) 250 ವೋಲ್ಟ್ ಅಥವಾ ಅದಕ್ಕೂ ಹೆಚ್ಚು ಉಳಿದಿರಬಹುದು. ಇದೆಲ್ಲ ಹೊಸತೆನಿಸಿದರೆ ರೇಡಿಯೊ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ. ಹಳೇ ಪೇಟೆಯ ಓಣಿಗಳಲ್ಲಿ ವಿಚಾರಿಸಿದರೆ ಬೆಸುಗೆ ಕಡ್ಡಿ ಕೈಬಿಡದ ಹಿರಿಯರು ಇನ್ನೂ ಸಿಕ್ಕಾರು.

ತಂತಿ

ರೇಡಿಯೊದ ಬೆನ್ನಿಗೆ ‘ಪಿ.ಯು.’ ಅಥವಾ ‘ಗ್ರಾಮ್’ ಎಂಬ ಎರಡು ತೂತು, ಇಲ್ಲವೇ ಗ್ರಾಮಫೋನಿನ ಚಿತ್ರ ಇದೆಯೇ ನೋಡಿ. ಹಿಂದೆ ರೆಕಾರ್ಡ್ ಪ್ಲೇಯರ್ ಜೋಡಿಸುತ್ತಿದ್ದ ಜಾಗ ಅದು. ಅಲ್ಲಿಂದ ಒಳಹೋದ ಸದ್ದು ನಿಲಯ ಹಿಡಿಯುವ ಭಾಗವನ್ನು ಬಿಟ್ಟು ನೇರವಾಗಿ ಆಡಿಯೊ ವಾಲ್ವ್‌ಗಳಿಗೆ ಸೇರುತ್ತದೆ. ಮೊಬೈಲಿನ ಹೆಡ್‌ಫೋನ್ ತೂತು ಕೊಡುವ ವೋಲ್ಟೇಜ್ ಅದಕ್ಕೆ ಧಾರಾಳ ಸಾಕು.

ಮೊಬೈಲ್ ಸ್ಟೀರಿಯೊ, ರೇಡಿಯೊ ಮೊನೊ. ಎಡ, ಬಲದ ತಂತಿಗಳನ್ನು ಹೊಸೆದು ಒಂದು ಮಾಡಿದರೆ ಫೋನಿನೊಳಗಿನ ಎರಡು ಆಂಪ್ಲಿಫೈಯರ್‌ಗಳು ಒಂದರ ಮೇಲೊಂದು ಬೀಳುತ್ತವೆ. 3.5 ಮಿ.ಮೀ. ಪಿನ್ನಿನ ತಂತಿಯಲ್ಲಿ ಎಡಕ್ಕೊಂದು, ಬಲಕ್ಕೊಂದು 1 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಅವುಗಳ ಇನ್ನೊಂದು ತುದಿಗಳನ್ನು ಕೂಡಿಸಿ. ಕೂಡಿದ ಜಾಗದಿಂದ 0.1 ಮೈಕ್ರೊಫ್ಯಾರಡ್, 630 ವೋಲ್ಟ್ ಕಂಡೆನ್ಸರ್ ಮೂಲಕ ಗ್ರಾಮ್‌ನ ಒಂದು ತೂತಿಗೆ. ಒಳಗೆಲ್ಲಾದರೂ ಡಿಸಿ ಸೋರುತ್ತಿದ್ದರೆ ಫೋನನ್ನು ಕಾಯುವುದು ಈ ಕಂಡೆನ್ಸರ್. ಪಿನ್ನಿನ ಬುಡದ ಭಾಗಕ್ಕೆ ಸೇರಿದ ಜಾಲರಿ ತಂತಿ ಹೋಗಬೇಕಾದದ್ದು ಚಾಸಿಗೆ ಸೇರಿದ ತೂತಿಗೆ. ಅದು ಯಾವುದೆಂದು ಮೀಟರಿನಲ್ಲಿ ನೋಡಿ, ಸೊನ್ನೆ ಓಮ್ ತೋರಿಸುವುದೇ ಅದು. ಬೆಸುಗೆಗಳ ಮೇಲೆ ಸ್ಲೀವ್ ಎಳೆಯಿರಿ. ಬ್ಯಾಂಡ್ ಬದಲಿಸುವ ಗುಬಟನ್ನು ಗ್ರಾಮ್‌ಗೆ ತಿರುಗಿಸಿ, ವಾಲ್ವ್ ಬಿಸಿಯಾಗಲು ಅರ್ಧ ನಿಮಿಷ ಕೊಡಿ. ಫೋನಿನ ಸದ್ದನ್ನು ಮುಕ್ಕಾಲಿಗೆ ಇಟ್ಟು ಉಳಿದದ್ದನ್ನು ರೇಡಿಯೊದ ಗುಬಟಿನಲ್ಲೇ ಏರಿಸಿ ಇಳಿಸಿ.

ಹೆಡ್‌ಫೋನ್ ತೂತಿಲ್ಲದ ಫೋನಾದರೆ ಟೈಪ್-ಸಿ ಅಡಾಪ್ಟರ್ ಅಥವಾ ಪುಟ್ಟ ಬ್ಲೂಟೂತ್ ರಿಸೀವರ್ ಸಾಕು. ಗ್ರಾಮ್ ತೂತೇ ಇಲ್ಲದ ಸೆಟ್ಟಿನಲ್ಲಿ ವಾಲ್ಯೂಮ್ ಕಂಟ್ರೋಲಿನ ಮೇಲ್ತುದಿಯಲ್ಲಿ ಒಂದು ಸ್ವಿಚ್ ಹಾಕಿ ರೇಡಿಯೊ, ಮೊಬೈಲ್ ಎಂದು ಬದಲಿಸಿಕೊಳ್ಳುವಂತೆ ಮಾಡಬೇಕು. ಅದು ಮೆಕ್ಯಾನಿಕ್‌ನ ಕೆಲಸ.

ಗುಂಯ್ ಎಂದರೆ

ಮೊದಲು ಫೋನಿನ ಚಾರ್ಜರ್ ತೆಗೆಯಿರಿ. ಬಹಳಷ್ಟು ಸಲ ಅಲ್ಲಿಗೇ ಗುಂಯ್‌ಗುಡುವುದು ನಿಲ್ಲುತ್ತದೆ. ಬ್ಲೂಟೂತ್ ರಿಸೀವರನ್ನು ಪವರ್ ಬ್ಯಾಂಕಿನಲ್ಲಿ ಓಡಿಸಿ. ತಂತಿ ಜಾಲರಿ ಹೊದ್ದದ್ದೇ ಇರಲಿ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲಿ ಸುತ್ತಿಡಬೇಡಿ. ಫೋನ್ ಕಳಚಿದ ಮೇಲೂ, ವಾಲ್ಯೂಮ್ ಪೂರ್ತಿ ಇಳಿಸಿದರೂ ಗುಂಯ್ ಎನ್ನುತ್ತಿದ್ದರೆ ಫಿಲ್ಟರ್ ಕಂಡೆನ್ಸರ್ ಹಳತಾಗಿರುವ ಸಾಧ್ಯತೆಯೇ ಹೆಚ್ಚು.

ಪರೀಕ್ಷೆಯ ನಡುವೆ ಸ್ಪೀಕರಿನ ತಂತಿ ಬಿಚ್ಚಿ ಸೆಟ್ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಫೋನಿನ ಬೇಸ್ ಬೂಸ್ಟ್ ಆಫ್ ಮಾಡಿಡಿ. ಆ ಕಾಗದದ ಸ್ಪೀಕರಿನಲ್ಲಿ ವಚನ ಗಾಯನ, ಕೊಳಲು, ಹಳೆಯ ಚಿತ್ರಗೀತೆ ತುಂಬಿ ಬರುತ್ತವೆ. ಮೆರವಣಿಗೆಯ ಡಿಜೆ ಹಾಡು ಹಾಕಿದರೆ ಕೋನ್ ಹರಿಯುತ್ತದೆ.