ಸರ್ವರ್ ಕೊಟೇಶನ್ ತರಿಸುವ ಮೊದಲು ಏನೇನು ಅಳೆಯಬೇಕು

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಶೀನ್ ಶಾಪ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. "ಸಾಫ್ಟ್‌ವೇರ್ ಭಾಳ ನಿಧಾನ ಆಗೇತ್ರಿ, ಯಾವ ಸರ್ವರ್ ತಗೊಳ್ಳೂಣು?" ಅಂತ ಸಾವ್ಕಾರರು ಕೇಳಿದರೆ ನಾನು ತಿರುಗಿ ಕೇಳುವುದು, "ಯಾವ ತಾರೀಖಿಗೆ, ಎಷ್ಟು ಗಂಟೆಗ್ರಿ?"

ಸುಮ್ಮನಿರುವ ದಿನ ಅಳೆದರೆ ಏನೂ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಕೊನೇ ದಿನ 11, ತೆರಿಗೆ ಕಟ್ಟುವ 3ಬಿಗೆ 20. ಅದರ ಹಿಂದಿನ ದಿನ, ಇಲ್ಲವೇ ಇನ್‌ವಾಯ್ಸ್ ರಾಶಿ ಬೀಳುವ ತಿಂಗಳ ಕೊನೆಗೆ, ವಿಂಡೋಸ್ ಜೊತೆಗೇ ಬರುವ ಪರ್ಫಾರ್ಮೆನ್ಸ್ ಮಾನಿಟರ್ ಅನ್ನು ಬೆಳಗಿನಿಂದ ಸಂಜೆತನಕ ಓಡಲು ಬಿಡಿ. ಪ್ರೊಸೆಸರ್ ಬಳಕೆ, ಉಳಿದಿರುವ ಮೆಮೊರಿ, ಡಿಸ್ಕ್ ಒಂದು ಸಲ ಓದಲು ಬರೆಯಲು ತೆಗೆದುಕೊಳ್ಳುವ ಸಮಯ, ನೆಟ್‌ವರ್ಕ್: ಈ ನಾಲ್ಕು ಸಾಕು. ನಾನು ನೋಡಿದ ಕಡೆಯೆಲ್ಲ ಹೆಚ್ಚಾಗಿ ಪ್ರೊಸೆಸರ್ ಆರಾಮಾಗಿ ಕೂತಿರುತ್ತದೆ, ಡಿಸ್ಕ್ ಏದುಸಿರು ಬಿಡುತ್ತಿರುತ್ತದೆ. ಡಿಸ್ಕ್‌ನ ಅಂಕಿ 20 ಮಿಲಿಸೆಕೆಂಡ್ ದಾಟಿ ಅಲ್ಲೇ ನಿಂತರೆ ರೋಗ ಸಿಕ್ಕಿತು ಅಂತಲೇ ಲೆಕ್ಕ. 7200 ಆರ್‌ಪಿಎಂ ಹಾರ್ಡ್‌ಡಿಸ್ಕ್ ಚದುರಿದ ಡೇಟಾವನ್ನು ಸೆಕೆಂಡಿಗೆ ನೂರರ ಆಸುಪಾಸು ಸಲ ಓದಬಲ್ಲದು. ತಿರುಗುವ ತಟ್ಟೆಯಿಲ್ಲದ, ಚಿಪ್ ಮೇಲೇ ಡೇಟಾ ಇಡುವ ಸಾಧಾರಣ ಎಸ್‌ಎಸ್‌ಡಿ ಹತ್ತಾರು ಸಾವಿರ ಸಲ.

ಆಮೇಲೆ ಸಾಫ್ಟ್‌ವೇರ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳಿ. ಹಲವರು ಒಟ್ಟಿಗೆ ಬಳಸುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಗೋಲ್ಡ್‌ನಲ್ಲಿ ಡೇಟಾ ಫೋಲ್ಡರ್ ಒಂದು ಮಶೀನಿನಲ್ಲಿ, ಎಳೆಯುವವರು ಹತ್ತು ಟೇಬಲ್‌ನಲ್ಲಿ. ಅಲ್ಲಿ ನೆಟ್‌ವರ್ಕ್ ಲೈನೇ ಮುಖ್ಯ. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12 ಎಂಬಿಗಿಂತ ಹೆಚ್ಚು ಹೋಗುವುದಿಲ್ಲ. ಗಿಗಾಬಿಟ್ ಸ್ವಿಚ್ ಹಾಕಿಯೂ ವೇಗ ಬರಲಿಲ್ಲವೇ? ಜ್ಯಾಕ್ ಹತ್ತಿರದಿಂದ ನೋಡಿ. ಎಂಟು ತಂತಿಯಲ್ಲಿ ನಾಲ್ಕನ್ನೇ ಕ್ರಿಂಪ್ ಮಾಡಿದ ಹಳೇ ಕೇಬಲ್ ಇನ್ನೂ ಎಷ್ಟೋ ಗೋಡೆಯೊಳಗಿದೆ.

ಇಆರ್‌ಪಿ (ಸ್ಟಾಕ್, ಖರೀದಿ, ಲೆಕ್ಕ ಎಲ್ಲ ಒಂದೇ ಕಡೆ ನೋಡುವ ಸಾಫ್ಟ್‌ವೇರ್) ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯೂಎಲ್ ಸರ್ವರ್ ಮೇಲಿದ್ದರೆ ಎಡಿಶನ್ ಯಾವುದು ಅಂತ ಮೊದಲು ವಿಚಾರಿಸಿ. ಪುಕ್ಕಟೆಯ ಎಕ್ಸ್‌ಪ್ರೆಸ್ 2022ರಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ, ಪ್ರೊಸೆಸರಿನ ನಾಲ್ಕೇ ಕೋರ್ (ಒಳಗಿನ ಕೆಲಸದ ಘಟಕ) ಬಳಕೆ, ಡೇಟಾ ಇಟ್ಟುಕೊಳ್ಳುವ ಮೆಮೊರಿ ಸುಮಾರು 1.4 ಜಿಬಿ. ಅದಕ್ಕೋಸ್ಕರ 64 ಜಿಬಿ ರ‍್ಯಾಮ್ ತರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ವಿಂಡೋಸ್ ಸರ್ವರ್ ಲೈಸೆನ್ಸ್ ಹೇಗೂ ಕನಿಷ್ಠ 16 ಕೋರ್‌ಗೆ ಕೊಳ್ಳಲೇಬೇಕು. ಅದರೊಳಗೇ ಮುಗಿಯುವ ಒಂದೇ ಪ್ರೊಸೆಸರ್, ಕೋರ್ ಕಡಿಮೆಯಾದರೂ ಗಿಗಾಹರ್ಟ್ಸ್ ಹೆಚ್ಚಿರುವುದು, ನಮ್ಮಂಥ ಆಫೀಸಿಗೆ ಸಾಕು.

ಬೆಳವಣಿಗೆ ಎಷ್ಟು ಅಂತ ಜ್ಯೋತಿಷ್ಯ ಹೇಳಬೇಕಿಲ್ಲ. ಬ್ಯಾಕಪ್ ಫೋಲ್ಡರ್ ತೆರೆದು ಹೋದ ವರ್ಷದ ಏಪ್ರಿಲ್ ಫೈಲಿನ ಸೈಜನ್ನೂ ಈ ವರ್ಷದ್ದನ್ನೂ ಪಕ್ಕಪಕ್ಕ ಇಡಿ. ಕಂಪನಿಗಳಿಗೆ 2023ರ ಏಪ್ರಿಲ್‌ನಿಂದ ಆಡಿಟ್ ಟ್ರೇಲ್, ಅಂದರೆ ಲೆಕ್ಕದಲ್ಲಿ ಮಾಡಿದ ಪ್ರತಿ ತಿದ್ದುಪಡಿಯ ದಾಖಲೆ, ಕಡ್ಡಾಯವಾಗಿದೆ. ವೋಚರ್ ತಿದ್ದಿದಷ್ಟೂ ಡೇಟಾ ಬೆಳೆಯುತ್ತದೆ. ಮೂರು ವರ್ಷದ ಲೆಕ್ಕ ಹಾಕಿ, ಅದರ ದುಪ್ಪಟ್ಟು ಜಾಗವಿರುವ ಎಸ್‌ಎಸ್‌ಡಿ ಜೋಡಿಯನ್ನು ರೇಡ್ 1ರಲ್ಲಿ (ಒಂದೇ ಡೇಟಾ ಎರಡೂ ಡಿಸ್ಕಿನಲ್ಲಿ ಬರೆಯುವ ವ್ಯವಸ್ಥೆ) ಹಾಕಿ. ರೇಡ್ ಅಂದರೆ ಬ್ಯಾಕಪ್ ಅಲ್ಲ, ಬ್ಯಾಕಪ್ ಬೇರೆಯೇ ಬೇಕು.

ಡಿಸೈನ್ ರೂಮಿನ ಲೆಕ್ಕ ಬೇರೆ. 3ಡಿ ಡಿಸೈನ್ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ರೀಬಿಲ್ಡ್ ಆಗುವಾಗ ಹೆಚ್ಚಿನ ಭಾರ ಒಂದೇ ಕೋರ್ ಮೇಲೆ ಬೀಳುತ್ತದೆ. ವೇಗದ ಪ್ರೊಸೆಸರ್, 32 ಜಿಬಿ, ಸಾಲಿಡ್‌ವರ್ಕ್ಸ್‌ನ ಸರ್ಟಿಫೈಡ್ ಪಟ್ಟಿಯಲ್ಲಿರುವ ಗ್ರಾಫಿಕ್ಸ್ ಕಾರ್ಡ್ ಕೊಡಿ. ಗೇಮಿಂಗ್ ಕಾರ್ಡಿನ ಆಸೆ ಬೇಡ. ಬಿಲ್ ಮಾಡುವ ಟೇಬಲ್‌ಗೆ 16 ಜಿಬಿ, ಎಸ್‌ಎಸ್‌ಡಿ ಸಾಕು. ಇಂಟೆಲ್ ಎಂಟನೇ ಪೀಳಿಗೆಗಿಂತ ಹಳೆಯ ಮಶೀನುಗಳಿಗೆ ರ‍್ಯಾಮ್ ಹಾಕಿ ದುಡ್ಡು ಕಳೆಯಬೇಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, 11 ಅವುಗಳ ಮೇಲೆ ಅಧಿಕೃತವಾಗಿ ಕೂರುವುದಿಲ್ಲ.

ಕೊಟೇಶನ್‌ನಲ್ಲಿ ಯಾರೂ ಬರೆಯದ ಎರಡು ಸಂಗತಿ ಕರೆಂಟು ಮತ್ತು ಧೂಳು. ಇಂಡಕ್ಷನ್ ಫರ್ನೇಸ್ ಇರುವ ಲೈನಿನಲ್ಲಿ ಹಾರ್ಮೋನಿಕ್ಸ್, ಅಂದರೆ ಕರೆಂಟಿನ ಅಲೆ ಕೆಡಿಸುವ ಗದ್ದಲ, ಹೆಚ್ಚು. ಆದ್ದರಿಂದ ಸರ್ವರಿಗೆ ಬೇರೆ ಲೈನ್, ಬೇರೆ ಅರ್ಥಿಂಗ್, ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟು ಕೊಡುವ ಆನ್‌ಲೈನ್ ಯುಪಿಎಸ್ ಬೇಕು. 1 ಕೆವಿಎ ಅಂದರೆ 1000 ವ್ಯಾಟ್ ಸಿಗುತ್ತದೆ ಅಂತಿಲ್ಲ, 800 ಇರಬಹುದು. ಹಿಂದಿನ ಲೇಬಲ್ ಓದಿ. ಇನ್ನು ಧೂಳು: ಶಾಪ್ ಪಕ್ಕದ ಕ್ಯಾಬಿನ್ನಿನ ಯಾವುದಾದರೂ ಡಬ್ಬಿ ಬಿಚ್ಚಿ, ಫ್ಯಾನಿನ ರೆಕ್ಕೆಗೆ ಅಂಟಿದ ಕಪ್ಪು ಪುಡಿಗೆ ಆಯಸ್ಕಾಂತ ಹಿಡಿಯಿರಿ. ಕಬ್ಬಿಣ, ಎದ್ದು ಬರುತ್ತದೆ. ಅದು ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗುತ್ತದೆ. ಸರ್ವರನ್ನು ಆಫೀಸಿನ ಮೇಲ್ಮಹಡಿಗೆ ಸಾಗಿಸಿ.

ಆರ್ಡರ್ ಕೊಡುವಾಗ 64 ಜಿಬಿ ಬೇಕಿದ್ದರೆ 32ರ ಎರಡು ಇಸಿಸಿ ಸ್ಟಿಕ್ (ಸಣ್ಣ ತಪ್ಪನ್ನು ತಾನೇ ತಿದ್ದುವ ರ‍್ಯಾಮ್) ಕೇಳಿ. ಎಂಟು ಸ್ಲಾಟಿನ ಸರ್ವರಿಗೆ 8 ಜಿಬಿಯ ಎಂಟು ಸ್ಟಿಕ್ ತುಂಬಿ ಕೊಟ್ಟರೆ ಮುಂದೆ ಸೇರಿಸಲು ಸ್ಲಾಟೇ ಇರುವುದಿಲ್ಲ. ವಾರಂಟಿಯಲ್ಲಿ ಪಾರ್ಟ್ ಎಲ್ಲಿಂದ ಬರುತ್ತದೆ, ಇಂಜಿನಿಯರ್ ಬೆಳಗಾವಿಯವನೋ ಹುಬ್ಬಳ್ಳಿಯಿಂದ ಬರಬೇಕೋ, ಅದನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ.